ಹದ ಮಾಡಿದ ಮೊಲದ ತೊಗಲು: ಗಟ್ಟಿತನ ಉಳಿಸಿಕೊಳ್ಳುವುದು ಮತ್ತು ಪರೀಕ್ಷಿಸುವುದು ಹೇಗೆ

ಮಾಂಸಕ್ಕಾಗಿ ಮೊಲ ಸಾಕುವವರ ಮನೆಯಲ್ಲಿ ಅದರ ತೊಗಲು ಬಹುತೇಕ ತಿಪ್ಪೆ ಸೇರುತ್ತದೆ. ಅದನ್ನು ಹದ ಮಾಡಿ ಏನಾದರೂ ಹೊಲಿಯಬೇಕೆಂದು ಹೊರಟವರು ಮೊದಲು ಕೇಳುವ ಪ್ರಶ್ನೆ, ಇದು ಎಷ್ಟು ಗಟ್ಟಿ, ಎಷ್ಟು ಕಾಲ ಬಾಳುತ್ತದೆ ಎಂಬುದು. ಉತ್ತರವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಆಡಿನ ತೊಗಲಿನ ಮುಂದೆ ಮೊಲದ ತೊಗಲು ಬಹಳ ತೆಳು, ಎಳೆದರೆ ಬೇಗ ಹರಿಯುತ್ತದೆ. ಚಪ್ಪಲಿ, ಬೆಲ್ಟು, ಚೀಲದ ಹಿಡಿಕೆಗಳಿಗೆ ಅದು ಆಗುವುದಿಲ್ಲ. ಆದರೆ ಕೈಗವಸಿನ ಅಸ್ತರ, ಕೂಸಿನ ಕುಲಾಯಿಯ ಒಳಪದರ, ಕೋಟಿನ ಕಾಲರ್, ಗೊಂಬೆ, ದಿಂಬಿನ ಹೊದಿಕೆ ಮುಂತಾದ ಭಾರ ಹೊರದ ಕೆಲಸಗಳಿಗೆ ಅದರಷ್ಟು ಮೆತ್ತಗಿನ, ಬೆಚ್ಚಗಿನ ವಸ್ತು ನಮ್ಮ ಸೀಮೆಯಲ್ಲಿ ಇಷ್ಟು ಸುಲಭವಾಗಿ ಇನ್ನೊಂದು ಸಿಗದು. ಇನ್ನೊಂದು ಮಾತನ್ನೂ ಈಗಲೇ ಮನಸ್ಸಿನಲ್ಲಿಟ್ಟುಕೊಳ್ಳಬೇಕು: ಹದ ಮಾಡುವ ಕೆಲಸ ತೊಗಲಿಗೆ ಹೊಸದಾಗಿ ಗಟ್ಟಿತನವನ್ನು ಕೊಡುವುದಿಲ್ಲ. ಮೊಲದ ವಯಸ್ಸು, ಸುಲಿದ ಕಾಲ, ಸುಲಿದ ಕೈ, ಹಾಕಿದ ಉಪ್ಪು ಇವೇ ಅದನ್ನು ಬಹುಪಾಲು ನಿರ್ಧರಿಸಿರುತ್ತವೆ. ಆಮೇಲಿನ ಕೆಲಸವೆಲ್ಲ ಇದ್ದುದನ್ನು ಕಾಪಾಡುವ ಕೆಲಸ.

ತೊಗಲು ಏಕೆ ಬೇಗ ಹರಿಯುತ್ತದೆ

ಯಾವುದೇ ತೊಗಲಿನ ಬಲ ಅದರೊಳಗಿನ ಕೊಲಾಜೆನ್ ಎಂಬ ನಾರಿನ ಹೆಣಿಗೆಯಲ್ಲಿರುತ್ತದೆ. ಕೂದಲ ಬೇರುಗಳು ಹರಡಿಕೊಂಡಿರುವ ಮೇಲ್ಪದರದಲ್ಲಿ ಈ ನಾರುಗಳು ಸಣ್ಣವು, ಬಿಡಿಬಿಡಿಯಾದವು. ಅದರ ಕೆಳಗಿನ ಪದರದಲ್ಲಿ ದಪ್ಪ ನಾರುಗಳು ಒಂದರೊಳಗೊಂದು ಹೆಣೆದುಕೊಂಡು ಎಳೆತವನ್ನು ತಾಳಿಕೊಳ್ಳುತ್ತವೆ. ಎಮ್ಮೆ, ಕೋಣಗಳ ತೊಗಲಿನಲ್ಲಿ ಈ ಕೆಳಪದರವೇ ಹೆಚ್ಚು ದಪ್ಪ. ಹೋಳಿ ಹುಣ್ಣಿಮೆಗೆ ಹುಬ್ಬಳ್ಳಿಯ ಓಣಿಗಳಲ್ಲಿ ಬಾರಿಸುವ ಜಗ್ಗಲಗಿ ಎಂಬ ಚರ್ಮವಾದ್ಯಕ್ಕೆ ಅಂಥ ತೊಗಲನ್ನೇ ಬಿಗಿಯುವುದು ಈ ಕಾರಣಕ್ಕೆ. ಮೊಲದಲ್ಲಿ ಇದು ತಿರುಗುಮುರುಗು. ಮೈತುಂಬ ಒತ್ತಾಗಿ ಬೆಳೆಯುವ ತುಪ್ಪಳದ ಬೇರುಗಳೇ ತೊಗಲಿನ ಬಹುಭಾಗವನ್ನು ಆಕ್ರಮಿಸಿಕೊಂಡು, ಬಲ ಕೊಡಬೇಕಾದ ಕೆಳಪದರಕ್ಕೆ ಸ್ವಲ್ಪವೇ ಜಾಗ ಉಳಿಯುತ್ತದೆ. ಹದವಾದ ಮೊಲದ ತೊಗಲು ಸಾಮಾನ್ಯವಾಗಿ ಒಂದು ಮಿಲಿಮೀಟರಿಗಿಂತ ತೆಳುವಾಗಿರುತ್ತದೆ.

ಇದರಿಂದ ಒಂದು ತೀರ್ಮಾನ ತಾನಾಗಿಯೇ ಹೊರಡುತ್ತದೆ. ಸುಣ್ಣ ಹಾಕಿ ಕೂದಲು ತೆಗೆದು, ಆಡಿನ ತೊಗಲಿನಂತೆ ನುಣುಪಾದ ಚರ್ಮ ಮಾಡುವ ಆಸೆಯನ್ನು ಮೊಲದ ವಿಷಯದಲ್ಲಿ ಬಿಡಬೇಕು. ಸುಣ್ಣವು ಕೂದಲನ್ನು ಸಡಿಲಿಸುವುದರ ಜೊತೆಗೆ ನಾರಿನ ಹೆಣಿಗೆಯನ್ನೂ ಬಿಡಿಸುತ್ತದೆ. ದಪ್ಪ ತೊಗಲಿಗೆ ಅದು ಉಪಕಾರ, ಮೊಲದ ತೊಗಲಿಗೆ ಅಪಕಾರ. ತುಪ್ಪಳವನ್ನು ಉಳಿಸಿಕೊಂಡು ಹದ ಮಾಡುವುದೇ ಸರಿಯಾದ ದಾರಿ, ಈ ಲೇಖನವೂ ಅದನ್ನೇ ವಿವರಿಸುತ್ತದೆ.

ಯಾವ ಮೊಲ, ಯಾವ ಕಾಲ

ಸಾಕಿದ ಮೊಲದ ತೊಗಲನ್ನು ಮಾತ್ರ ಬಳಸಬೇಕು. ನಮ್ಮ ಹೊಲದ ಬದುಗಳಲ್ಲಿ, ಗದಗ ಜಿಲ್ಲೆಯ ಕಪ್ಪತಗುಡ್ಡದ ಕುರುಚಲಿನಲ್ಲಿ ಕಾಣುವ ಕಾಡುಮೊಲ ಬೇರೆಯೇ ಪ್ರಾಣಿ. ಅದಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಅದನ್ನು ಹಿಡಿಯುವುದೂ ಅದರ ತೊಗಲನ್ನು ಇಟ್ಟುಕೊಳ್ಳುವುದೂ ಅಪರಾಧ.

ಮಾಂಸಕ್ಕೆಂದು ಸಾಕುವ ನ್ಯೂಜಿಲೆಂಡ್ ವೈಟ್, ಸೋವಿಯತ್ ಚಿಂಚಿಲ್ಲಾ ತಳಿಗಳ ಮರಿಗಳನ್ನು ಎರಡು ಕಿಲೋ ತೂಕ ಬಂದ ಕೂಡಲೇ, ಅಂದರೆ ಸುಮಾರು ಮೂರು ತಿಂಗಳಿಗೆ, ಕೊಯ್ಯುವುದು ರೂಢಿ. ಆ ವಯಸ್ಸಿನ ತೊಗಲು ಒಣಗಿದ ಮೇಲೆ ಕಾಗದದಷ್ಟು ತೆಳುವಾಗುತ್ತದೆ. ಅಷ್ಟೇ ಅಲ್ಲ, ಮರಿಗೂದಲು ಉದುರಿ ದೊಡ್ಡ ಕೂದಲು ಹುಟ್ಟುತ್ತಿರುವ ಕಾಲ ಅದಾದ್ದರಿಂದ ತುಪ್ಪಳವೂ ನಿಲ್ಲುವುದಿಲ್ಲ. ಕಲಿಯುವ ಕೈಗೆ ಅಂಥವು ಸಾಕು. ಬಾಳಬೇಕಾದ ವಸ್ತುವಿಗೆ ಕನಿಷ್ಠ ಆರು ತಿಂಗಳು, ಸಾಧ್ಯವಾದರೆ ವರ್ಷ ತುಂಬಿದ ಮೊಲದ ತೊಗಲನ್ನು ಆರಿಸಬೇಕು. ಸಂತಾನಕ್ಕೆ ಇಟ್ಟುಕೊಂಡು ಆಮೇಲೆ ತೆಗೆದುಹಾಕುವ ಗಂಡು ಮೊಲದ ತೊಗಲು, ಅದರಲ್ಲೂ ಕುತ್ತಿಗೆ ಮತ್ತು ಬೆನ್ನಿನ ಭಾಗ, ಇದ್ದುದರಲ್ಲಿ ಎಲ್ಲಕ್ಕಿಂತ ದಪ್ಪ.

ಕಾಲದ ಮಾತು ಬಂದರೆ, ದೀಪಾವಳಿಯಿಂದ ಸಂಕ್ರಾಂತಿಯವರೆಗಿನ ಚಳಿಗಾಲವೇ ನಮ್ಮ ಭಾಗಕ್ಕೆ ಒಳ್ಳೆಯದು. ಆಗ ತುಪ್ಪಳ ದಟ್ಟವಾಗಿರುತ್ತದೆ, ಗಾಳಿ ಒಣಗಿರುತ್ತದೆ, ತೊಗಲು ಕೊಳೆಯುವ ಮೊದಲು ಕೆಲಸ ಮುಗಿಸಲು ಬಿಡುವು ಸಿಗುತ್ತದೆ. ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಸುಲಿದ ತೊಗಲನ್ನು ಕೆಲವೇ ಗಂಟೆ ಹಾಗೇ ಬಿಟ್ಟರೂ ಹೊಟ್ಟೆಯ ಭಾಗದಲ್ಲಿ ಕೂದಲು ಕಳಚತೊಡಗುತ್ತದೆ. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ತೊಗಲು ಒಣಗದೆ ಬೂಸು ಹಿಡಿಯುತ್ತದೆ. ಮಾಂಸದ ಬದಿಯನ್ನು ನೋಡಿಯೂ ಕಾಲವನ್ನು ತಿಳಿಯಬಹುದು: ತೊಗಲು ಎಲ್ಲೆಡೆ ಒಂದೇ ಸಮನೆ ಬಿಳಿಯಾಗಿದ್ದರೆ ತುಪ್ಪಳ ಬಲಿತಿದೆ ಎಂದರ್ಥ. ಬಣ್ಣದ ಮೊಲಗಳಲ್ಲಿ ನೀಲಿಗಪ್ಪು ಮಚ್ಚೆಗಳು ಕಂಡರೆ ಅಲ್ಲಿ ಹೊಸ ಕೂದಲು ಹುಟ್ಟುತ್ತಿದೆ ಎಂದು ತಿಳಿದು, ಆ ತೊಗಲನ್ನು ಕಡಿಮೆ ಬೆಲೆಯ ಕೆಲಸಕ್ಕೆ ಇಡಬೇಕು.

ಸುಲಿಯುವುದು, ಉಪ್ಪು ಹಾಕುವುದು

ಮೊಲದ ತೊಗಲು ಮೈಗೆ ಗಟ್ಟಿಯಾಗಿ ಅಂಟಿಕೊಂಡಿರುವುದಿಲ್ಲ. ಹಿಂಗಾಲುಗಳ ಒಳಬದಿಯಲ್ಲಿ ಒಂದು ಸೀಳು ಹಾಕಿದ ಮೇಲೆ, ಚಾಕುವನ್ನು ಬದಿಗಿಟ್ಟು, ಮೈ ಬಿಸಿ ಆರುವ ಮುನ್ನ ಮುಷ್ಟಿಯಿಂದ ಒತ್ತುತ್ತ ಕೆಳಗೆ ಎಳೆದರೆ ಅದು ಚೀಲದಂತೆ ಇಡಿಯಾಗಿ ಕಳಚಿಕೊಳ್ಳುತ್ತದೆ. ಚಾಕು ತಾಗಿದ ಪ್ರತಿಯೊಂದು ಗೀರೂ ಮುಂದೆ ಹರಿಯುವ ಜಾಗ. ದಪ್ಪ ತೊಗಲಿನಲ್ಲಿ ಅರ್ಧ ಮಿಲಿಮೀಟರ್ ಆಳದ ಗೀರು ಕಣ್ಣಿಗೂ ಬೀಳದಿರಬಹುದು, ಮೊಲದಲ್ಲಿ ಅಷ್ಟು ಆಳವೆಂದರೆ ತೊಗಲಿನ ಅರ್ಧ ದಪ್ಪವೇ ಹೋದಂತೆ. ಆಮೇಲೆ ಹೊಟ್ಟೆಯ ನಡುಗೆರೆಯಲ್ಲಿ ಸೀಳಿ ಬಿಡಿಸಿಕೊಳ್ಳಬೇಕು.

ಬಿಸಿ ಆರಿದ ಕೂಡಲೇ ಅಂಟಿಕೊಂಡಿರುವ ಕೊಬ್ಬನ್ನು ಕೈಯಿಂದ ಬಿಡಿಸಿ, ಮಾಂಸದ ಬದಿಗೆ ತೊಗಲಿನ ತೂಕದ ಅರ್ಧದಷ್ಟು ಉಪ್ಪನ್ನು ಉಜ್ಜಬೇಕು. ಅಯೋಡಿನ್ ಇಲ್ಲದ ಹರಳುಪ್ಪನ್ನು ಕುಟ್ಟಿ ಸಣ್ಣಗೆ ಮಾಡಿಕೊಂಡರೆ ಚೆನ್ನ. ಅಂಚುಗಳು, ಕಾಲುಗಳ ಮಡಿಕೆಗಳು, ಕುತ್ತಿಗೆ ಇವಕ್ಕೆ ಉಪ್ಪು ತಪ್ಪದೆ ತಾಗಬೇಕು, ಏಕೆಂದರೆ ಕೊಳೆ ಶುರುವಾಗುವುದು ಅಲ್ಲಿಂದ. ಉಪ್ಪು ಹಾಕಿದ ತೊಗಲನ್ನು ನೀರು ಬಸಿಯುವಂತೆ ಓರೆಯಾಗಿ ಹಾಸಿ, ಮರುದಿನ ಹಳೆಯ ಉಪ್ಪನ್ನು ಕೊಡವಿ ಹೊಸದನ್ನು ಹಾಕಿ, ನೆರಳಿನಲ್ಲಿ ಗಾಳಿಗೆ ಒಣಗಿಸಬೇಕು. ಬಿಸಿಲಿಗೆ ಹಾಕಬಾರದು. ಹಸಿ ತೊಗಲಿನ ಕೊಲಾಜೆನ್ ಸುಮಾರು 60ರಿಂದ 65 ಡಿಗ್ರಿ ಸೆಲ್ಸಿಯಸ್ ಬಿಸಿಗೆ ಕುಗ್ಗಿ ಅಂಟಾಗುತ್ತದೆ. ನಮ್ಮ ಬೇಸಿಗೆಯಲ್ಲಿ ತಗಡಿನ ಮಾಡಿನ ಮೇಲೆ ಆ ಬಿಸಿ ಬರುವುದು ಕಷ್ಟವಲ್ಲ. ಹಾಗೆ ಬೆಂದ ಜಾಗ ಮುಂದೆ ಏನು ಮಾಡಿದರೂ ಹಪ್ಪಳದಂತೆ ಮುರಿಯುತ್ತದೆ.

ನೆನೆಸುವುದು ಮತ್ತು ಪೊರೆ ಬಿಡಿಸುವುದು

ಒಣಗಿದ ತೊಗಲನ್ನು ಲೀಟರಿಗೆ 30ರಿಂದ 50 ಗ್ರಾಂ ಉಪ್ಪು ಬೆರೆಸಿದ ತಣ್ಣೀರಿನಲ್ಲಿ, ಸ್ವಲ್ಪ ಸಾಬೂನು ಸೇರಿಸಿ, ಮೆತ್ತಗಾಗುವವರೆಗೆ ಮಾತ್ರ ನೆನೆಸಬೇಕು. ರಾತ್ರಿ ಹಾಕಿದರೆ ಬೆಳಿಗ್ಗೆ ತೆಗೆಯುವಷ್ಟು ಸಮಯ ಸಾಕು. ಗದಗ ಜಿಲ್ಲೆಯ ಬಹಳಷ್ಟು ಕೊಳವೆಬಾವಿಗಳ ನೀರು ಗಡಸು. ಅದರಲ್ಲಿ ಸಾಬೂನು ನೊರೆಯಾಗದೆ ತುಪ್ಪಳಕ್ಕೆ ಜಿಡ್ಡಾಗಿ ಅಂಟುತ್ತದೆ, ಮುಂದೆ ಹದಕ್ಕೆ ಬಳಸುವ ತೊಗಟೆಯ ರಸದ ಸತ್ವವೂ ಒಂದಷ್ಟು ವ್ಯರ್ಥವಾಗುತ್ತದೆ. ಮಳೆನೀರು ಹಿಡಿದಿಟ್ಟುಕೊಂಡವರು ಅದನ್ನೇ ಬಳಸಲಿ. ಪಾತ್ರೆ ಪ್ಲಾಸ್ಟಿಕ್ಕಿನದಾಗಿರಲಿ, ಕಬ್ಬಿಣ ಮತ್ತು ಅಲ್ಯುಮಿನಿಯಂ ಬೇಡ.

ತೊಗಲಿನ ಮಾಂಸದ ಬದಿಗೆ ಅಂಟಿಕೊಂಡಿರುವ ತೆಳು ಪೊರೆಯನ್ನು ತೆಗೆಯುವುದೇ ಈ ಕೆಲಸದ ನಾಜೂಕಿನ ಘಟ್ಟ. ಅದು ಉಳಿದರೆ ಹದದ ನೀರು, ಅಂದರೆ ಮುಂದೆ ಹೇಳುವ ಪಟಿಕದ ನೀರು ಅಥವಾ ತೊಗಟೆಯ ರಸ, ಒಳಗೆ ಇಳಿಯುವುದಿಲ್ಲ, ತೊಗಲು ಮೇಲೆ ಹದವಾಗಿ ಒಳಗೆ ಹಸಿಯಾಗಿಯೇ ಉಳಿಯುತ್ತದೆ. ಹಸಿ ತೊಗಲಿನ ಮೇಲೆ ಅದನ್ನು ಕೆರೆಯಲು ಹೋದರೆ ಕೈ ಜಾರಿ ತೊಗಲೇ ತೂತಾಗುತ್ತದೆ. ಆದ್ದರಿಂದ ಮೊದಲು ಹದದ ನೀರಿನಲ್ಲಿ ಒಂದೆರಡು ದಿನ ಇಟ್ಟು ಹೊರತೆಗೆಯಬೇಕು. ಆಗ ಪೊರೆ ಬಿಗಿದುಕೊಂಡು ಬಿಳಿಯಾಗಿ, ತೊಗಲಿನಿಂದ ಬೇರೆಯಾಗಿ ಕಾಣುತ್ತದೆ. ಹಿಂಭಾಗದ ಅಂಚಿನಲ್ಲಿ ಉಗುರಿನಿಂದ ಅದರ ಒಂದು ತುದಿಯನ್ನು ಎಬ್ಬಿಸಿ, ಎಡಗೈಯ ಹೆಬ್ಬೆರಳಿನಿಂದ ತೊಗಲನ್ನು ಒತ್ತಿ ಹಿಡಿದು, ಬಲಗೈಯಿಂದ ಪೊರೆಯನ್ನು ಮೇಲಕ್ಕೆತ್ತದೆ ತೊಗಲಿಗೆ ಸಮಾನಾಂತರವಾಗಿ ಕುತ್ತಿಗೆಯ ಕಡೆಗೆ ಎಳೆಯುತ್ತ ಹೋದರೆ ಅಂಗೈ ಅಗಲದ ಹಾಳೆಗಳಾಗಿ ಕಿತ್ತುಬರುತ್ತದೆ. ಹೊಟ್ಟೆಯ ಅಂಚಿಗೆ, ಮುಂಗಾಲಿನ ಕಂಕುಳಿಗೆ ಬಂದಾಗ ವೇಗ ತಗ್ಗಿಸಬೇಕು. ಅಲ್ಲಿ ತೊಗಲಿಗೂ ಪೊರೆಗೂ ದಪ್ಪದಲ್ಲಿ ಹೆಚ್ಚು ವ್ಯತ್ಯಾಸವಿಲ್ಲ.

ಹದ ಮಾಡುವ ಎರಡು ದಾರಿ

ಮನೆಯಲ್ಲಿ ಮಾಡಬಹುದಾದದ್ದು ಎರಡು ವಿಧಾನ: ಪಟಿಕ ಮತ್ತು ತೊಗಟೆ. ಕಾರ್ಖಾನೆಗಳು ಬಳಸುವ ಕ್ರೋಮಿಯಂ ಲವಣದಿಂದ ಹದವಾದ ತೊಗಲು ಕುದಿಯುವ ನೀರಿನ ಬಿಸಿಯನ್ನೂ ತಾಳುತ್ತದೆ ಎಂಬುದು ನಿಜ. ಆದರೆ ಆ ನೀರನ್ನು ಶುದ್ಧ ಮಾಡುವ ವ್ಯವಸ್ಥೆ ಮನೆಯಲ್ಲಿ ಇರುವುದಿಲ್ಲವಾದ್ದರಿಂದ ಅದನ್ನು ನಾನು ಯಾರಿಗೂ ಸೂಚಿಸುವುದಿಲ್ಲ.

ಪಟಿಕ ಅಥವಾ ತುರಟಿ ಕಿರಾಣಿ ಅಂಗಡಿಯಲ್ಲಿ ಸಿಗುತ್ತದೆ. 450 ಗ್ರಾಂ ಪಟಿಕದ ಪುಡಿಯನ್ನು 4 ಲೀಟರ್ ನೀರಿನಲ್ಲಿ ಕರಗಿಸಬೇಕು. ಇನ್ನೊಂದು ಬಕೆಟ್ಟಿನಲ್ಲಿ 2 ಲೀಟರ್ ನೀರಿಗೆ 225 ಗ್ರಾಂ ಉಪ್ಪನ್ನೂ 115 ಗ್ರಾಂ ಹರಳು ರೂಪದ ವಾಷಿಂಗ್ ಸೋಡಾವನ್ನೂ ಹಾಕಿ ಕರಗಿಸಿ, ಈ ಎರಡನೆಯ ನೀರನ್ನು ಮೊದಲನೆಯದಕ್ಕೆ ಬಹಳ ನಿಧಾನವಾಗಿ, ತಿರುವುತ್ತ ಸುರಿಯಬೇಕು. ಗಡಿಬಿಡಿ ಮಾಡಿದರೆ ಬಿಳಿ ಗಷ್ಟು ಕೆಳಗೆ ಕೂತು ಪಟಿಕ ನಷ್ಟವಾಗುತ್ತದೆ. ತಣ್ಣಗಾದ ಮೇಲೆ ತೊಗಲನ್ನು ಪೂರ್ತಿ ಮುಳುಗಿಸಿ, ದಿನಕ್ಕೆ ಹಲವು ಬಾರಿ ಕೈಯಾಡಿಸುತ್ತ, ಎರಡರಿಂದ ನಾಲ್ಕು ದಿನ ಇಡಬೇಕು. ನಡುವೆ ಪೊರೆ ತೆಗೆದು ಮತ್ತೆ ಮುಳುಗಿಸಬೇಕು. ಕೊನೆಗೆ ಲೀಟರಿಗೆ 7 ಗ್ರಾಂ ಬಿಳಿಗಾರ ಬೆರೆಸಿದ ನೀರಿನಲ್ಲಿ ಒಮ್ಮೆ ಅದ್ದಿ, ಸಾದಾ ನೀರಿನಲ್ಲಿ ಜಾಲಿಸಿ ತೆಗೆಯಬೇಕು. ಪಟಿಕದ ಹುಳಿ (ಆಮ್ಲ) ಒಳಗೆ ಉಳಿದರೆ ನಾರು ತಿಂಗಳುಗಟ್ಟಲೆ ಸವೆಯುತ್ತ ಹೋಗಿ, ಚೆನ್ನಾಗಿಯೇ ಇದ್ದ ತೊಗಲು ಒಂದು ದಿನ ಕೈಯಲ್ಲೇ ಪುಡಿಯಾಗುತ್ತದೆ. ಕೆಲವರು ಉಪ್ಪಿಲ್ಲದೆ ಬರೀ ವಿನೆಗರ್ ಅಥವಾ ಬ್ಯಾಟರಿಯ ಆಸಿಡ್ ನೀರಿಗೆ ತೊಗಲು ಹಾಕುತ್ತಾರೆ. ಹುಳಿಯಲ್ಲಿ ಉಪ್ಪಿಲ್ಲದಿದ್ದರೆ ತೊಗಲು ನೀರು ಕುಡಿದು ಊದಿಕೊಂಡು ನಾರಿನ ಹೆಣಿಗೆಯೇ ಹರಿದುಹೋಗುತ್ತದೆ. ಆ ನಷ್ಟ ಮತ್ತೆ ತುಂಬುವುದಿಲ್ಲ.

ಪಟಿಕದ ತೊಗಲು ಬೆಳ್ಳಗೆ, ಮೆತ್ತಗೆ, ನೋಡಲು ಚಂದ. ಆದರೆ ಪಟಿಕವು ನಾರಿಗೆ ಸಡಿಲವಾಗಿ ಹಿಡಿದುಕೊಳ್ಳುವುದರಿಂದ ಚೆನ್ನಾಗಿ ನೆನೆದರೆ ಬಿಟ್ಟುಹೋಗಿ ತೊಗಲು ಮತ್ತೆ ಹಸಿಯಾಗುತ್ತದೆ. ತೊಳೆಯಬೇಕಾದ ವಸ್ತುವಿಗೆ ಇದು ಬೇಡ.

ಬಾಳಿಕೆ ಬೇಕಾದವರು ತೊಗಟೆಯ ದಾರಿ ಹಿಡಿಯಲಿ. ಕರಿಜಾಲಿಯ ತೊಗಟೆ, ತಂಗಡಿಯ ತೊಗಟೆ, ಅಳಲೆಕಾಯಿ ಇವು ಈ ಸೀಮೆಯಲ್ಲಿ ತೊಗಲು ಹದ ಮಾಡುತ್ತ ಬಂದವರಿಗೆ ತಲೆಮಾರುಗಳಿಂದ ಗೊತ್ತಿರುವ ವಸ್ತುಗಳು. ಶರಣರ ಕಾಲದ ಢೋಹರ ಕಕ್ಕಯ್ಯನ ಕಾಯಕವೂ ಇದೇ ಆಗಿತ್ತು, ಈ ವಿದ್ಯೆಯನ್ನು ಉಳಿಸಿಕೊಟ್ಟ ಢೋರ, ಸಮಗಾರ ಮನೆತನಗಳ ಹಿರಿಯರು ಊರಲ್ಲಿದ್ದರೆ ಅವರ ಹತ್ತಿರ ಕೂತು ಕಲಿಯುವಷ್ಟು ಉತ್ತಮ ದಾರಿ ಬೇರೆ ಇಲ್ಲ. ಒಂದು ಕಿಲೋ ಜಜ್ಜಿದ ಜಾಲಿ ತೊಗಟೆಯನ್ನು ಐದಾರು ಲೀಟರ್ ನೀರಿನಲ್ಲಿ ಸ್ಟೀಲ್ ಪಾತ್ರೆಯಲ್ಲಿ ಕುದಿಸಿ, ಸೋಸಿ, ಪೂರ್ತಿ ಆರಿಸಬೇಕು. ಮೊದಲ ದಿನ ಒಂದು ಪಾಲು ರಸಕ್ಕೆ ಮೂರು ಪಾಲು ನೀರು ಬೆರೆಸಿ ತೊಗಲನ್ನು ಹಾಕಿ, ದಿನದಿನಕ್ಕೆ ರಸ ಹೆಚ್ಚಿಸುತ್ತ ಹೋಗಬೇಕು. ಮೊದಲೇ ಗಟ್ಟಿ ರಸಕ್ಕೆ ಹಾಕಿದರೆ ಹೊರಮೈ ಬಿಗಿದುಕೊಂಡು ಒಳಗೆ ರಸ ಇಳಿಯುವ ದಾರಿಯೇ ಮುಚ್ಚಿಹೋಗುತ್ತದೆ. ಒಂದರಿಂದ ಎರಡು ವಾರದಲ್ಲಿ ಕೆಲಸ ಮುಗಿಯುತ್ತದೆ. ಕುತ್ತಿಗೆಯ ದಪ್ಪ ಅಂಚಿನಲ್ಲಿ ಒಂದು ಚೂರು ಕತ್ತರಿಸಿ ನೋಡಿ, ಕತ್ತರಿಸಿದ ಮುಖದಲ್ಲಿ ಕಂದು ಬಣ್ಣ ಆಚೆಯಿಂದ ಈಚೆಗೆ ಒಂದೇ ಸಮನೆ ಇದ್ದರೆ ಹದ ಬಂದಿದೆ, ನಡುವೆ ಬಿಳಿ ಗೆರೆ ಉಳಿದಿದ್ದರೆ ಇನ್ನೂ ಕಾಯಬೇಕು. ಈ ದಾರಿಯಲ್ಲಿ ಬಿಳಿ ತುಪ್ಪಳ ಕೆಂಗಂದಾಗುತ್ತದೆ ಎಂಬುದನ್ನು ಒಪ್ಪಿಕೊಂಡೇ ಹೊರಡಬೇಕು. ಇದಕ್ಕೆ ಪ್ರತಿಯಾಗಿ ತೊಗಲು ಒಂದಷ್ಟು ತುಂಬಿಕೊಂಡು, ಸುಮಾರು 75ರಿಂದ 85 ಡಿಗ್ರಿಯ ಬಿಸಿಯವರೆಗೆ ಕುಗ್ಗದೆ ನಿಲ್ಲುತ್ತದೆ.

ಬಳಸಿದ ಪಟಿಕದ ನೀರಿನಲ್ಲಿ ಉಪ್ಪು ಹೇರಳವಾಗಿರುತ್ತದೆ. ಅದನ್ನು ಎರೆ ಹೊಲಕ್ಕೂ ಬಾವಿಯ ಹತ್ತಿರಕ್ಕೂ ಚೆಲ್ಲಬಾರದು. ಸವಳು ಹಿಡಿದ ಎರೆಭೂಮಿಯನ್ನು ಮತ್ತೆ ಸರಿಪಡಿಸುವ ಕಷ್ಟ ನಮ್ಮ ರೈತರಿಗೆ ಗೊತ್ತೇ ಇದೆ.

ಎಣ್ಣೆ ಮತ್ತು ನಾದುವುದು

ಹದವಾದ ತೊಗಲನ್ನು ಹಾಗೇ ಒಣಗಲು ಬಿಟ್ಟರೆ ನಾರುಗಳು ಒಂದಕ್ಕೊಂದು ಅಂಟಿ ಹಲಗೆಯಂತೆ ಸೆಟೆದುಕೊಳ್ಳುತ್ತದೆ, ಆಗ ಮಡಚಿದರೆ ಬಿರುಕು ಬಿಡುತ್ತದೆ. ಆದ್ದರಿಂದ ಅರ್ಧ ಒಣಗಿರುವಾಗ ಮಾಂಸದ ಬದಿಗೆ ಎಣ್ಣೆ ಕೊಡಬೇಕು. ಔಡಲ ಎಣ್ಣೆಯನ್ನು ಸಾಬೂನು ನೀರಿನಲ್ಲಿ ಕದಡಿ, ಉಗುರುಬೆಚ್ಚಗೆ ಮಾಡಿ ತೆಳುವಾಗಿ ಸವರುವುದು ಒಳ್ಳೆಯದು. ಮೊಟ್ಟೆಯ ಹಳದಿ ಭಾಗವನ್ನು ಬಳಸುವ ಹಳೆಯ ಪದ್ಧತಿಯೂ ಉತ್ತಮವೇ. ಅಡುಗೆಮನೆಯಲ್ಲಿದೆ ಎಂದು ಕುಸುಬಿ ಎಣ್ಣೆ, ಅಗಸಿ ಎಣ್ಣೆಗಳನ್ನು ಮಾತ್ರ ಬಳಸಬಾರದು. ಅವು ಗಾಳಿಗೆ ಒಣಗಿ ಅಂಟಾಗಿ ಗಟ್ಟಿಯಾಗುವ ಜಾತಿಯ ಎಣ್ಣೆಗಳು, ಕೆಲವು ತಿಂಗಳಲ್ಲಿ ತೊಗಲನ್ನು ಬಿರುಸು ಮಾಡುತ್ತವೆ. ಶೇಂಗಾ ಎಣ್ಣೆ ಕಮಟು ವಾಸನೆ ಹಿಡಿಯುತ್ತದೆ.

ಆಮೇಲೆ ನೆರಳಿನಲ್ಲಿ ಒಣಗಿಸುತ್ತ ನಾದಬೇಕು. ಮುಟ್ಟಿದರೆ ತಂಪು, ಹಿಂಡಿದರೆ ನೀರಿಲ್ಲ ಎನ್ನುವ ಸ್ಥಿತಿ ಬಂದಾಗ ತೊಗಲನ್ನು ಎರಡೂ ಕೈಯಲ್ಲಿ ಹಿಡಿದು, ಮಾಂಸದ ಬದಿ ತಾಗುವಂತೆ ಬೆಂಚಿನ ಮೊಂಡಾದ ಅಂಚಿನ ಮೇಲೆ ಹಿಂದಕ್ಕೆ ಮುಂದಕ್ಕೆ ಎಳೆಯಬೇಕು. ಬೂದುಬಣ್ಣಕ್ಕೆ ಪಾರದರ್ಶಕವಾಗಿ ಕಾಣುತ್ತಿದ್ದ ತೊಗಲು ಎಳೆದ ಜಾಗದಲ್ಲೆಲ್ಲ ಬೆಳ್ಳಗೆ, ಬಟ್ಟೆಯಂತೆ ಮಂದವಾಗುತ್ತ ಹೋಗುತ್ತದೆ. ನಾರುಗಳು ಬಿಡಿಬಿಡಿಯಾಗಿ ನಡುವೆ ಗಾಳಿ ಹೊಕ್ಕ ಗುರುತು ಅದು. ಪೂರ್ತಿ ಒಣಗುವವರೆಗೆ ನಡುನಡುವೆ ಇದನ್ನು ಮಾಡುತ್ತಲೇ ಇರಬೇಕು. ಎಲ್ಲಿಯಾದರೂ ಒಂದು ಜಾಗ ಗಟ್ಟಿಯಾಗಿ ಉಳಿದರೆ ಒದ್ದೆ ಬಟ್ಟೆಯಿಂದ ಅಷ್ಟನ್ನೇ ತೇವ ಮಾಡಿ ಮತ್ತೆ ನಾದಬೇಕು. ಬೆನ್ನನ್ನು ಬಲವಾಗಿ ಎಳೆದರೂ ತಡೆದುಕೊಳ್ಳುತ್ತದೆ, ಹೊಟ್ಟೆಯ ಭಾಗವನ್ನು ಅಂಗೈಯಲ್ಲಿಟ್ಟು ತಿಕ್ಕಿದರೆ ಸಾಕು.

ಗುಣಮಟ್ಟವನ್ನು ಪರೀಕ್ಷಿಸುವುದು

ಪ್ರಯೋಗಾಲಯಗಳಲ್ಲಿ ಎಳೆತದ ಬಲವನ್ನು ಐಎಸ್‌ಒ 3376, ಹರಿಯುವ ಬಲವನ್ನು ಐಎಸ್‌ಒ 3377 ಎಂಬ ಅಂತರರಾಷ್ಟ್ರೀಯ ಮಾನದಂಡಗಳಂತೆ ಅಳೆಯುತ್ತಾರೆ. 1948ರಲ್ಲಿ ಚೆನ್ನೈಯಲ್ಲಿ ಸ್ಥಾಪನೆಯಾದ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ ದೇಶದಲ್ಲಿ ಈ ಕ್ಷೇತ್ರದ ಮುಖ್ಯ ಸಂಸ್ಥೆ. ಮನೆಯ ಕೆಲಸಕ್ಕೆ ಕೈಪರೀಕ್ಷೆಗಳು ಸಾಕು.

ಮೊದಲು ತುಪ್ಪಳದ ಒಂದು ಚಿಟಿಕೆಯನ್ನು ಬೆರಳಲ್ಲಿ ಹಿಡಿದು ಜಗ್ಗಿ ನೋಡಿ. ಒಂದೆರಡು ಕೂದಲು ಬಂದರೆ ಸಹಜ, ಗೊಂಚಲಾಗಿ ಬಂದರೆ ಅಲ್ಲಿ ತೊಗಲು ಹದಕ್ಕೆ ಮೊದಲೇ ಕೊಳೆತಿತ್ತು. ಆ ಭಾಗವನ್ನು ಕತ್ತರಿಸಿ ತೆಗೆಯಬೇಕು. ಆಮೇಲೆ ಮಾಂಸದ ಬದಿ ಹೊರಗೆ ಬರುವಂತೆ ಮಡಚಿ, ಮಡಿಕೆಯನ್ನು ಉಗುರಿನಿಂದ ಒತ್ತಿ ಬಿಡಿಸಿ. ಬಿಳಿ ಗೆರೆ ಮೂಡಿ ಮಾಯವಾದರೆ ಒಳ್ಳೆಯದು. ಸಣ್ಣ ಬಿರುಕು ಕಂಡರೆ ಎಣ್ಣೆ ಸಾಲದಾಗಿದೆ ಅಥವಾ ಒಳಗೆ ಹಸಿ ಉಳಿದಿದೆ. ಬೆಳಕಿಗೆ ಎತ್ತಿ ಹಿಡಿದರೆ ಕೊಬ್ಬಿನ ಕಲೆ, ಚಾಕುವಿನ ಗೀರು, ತೆಳು ಜಾಗ ಎಲ್ಲವೂ ಕಾಣುತ್ತವೆ. ಅವುಗಳ ಸುತ್ತ ಸೀಸದ ಕಡ್ಡಿಯಿಂದ ಗುರುತು ಹಾಕಿಕೊಳ್ಳಬೇಕು.

ಹೊಲಿಗೆಯನ್ನು ತಾಳುತ್ತದೆಯೇ ಎಂಬುದೇ ಕೊನೆಗೆ ಮುಖ್ಯವಾಗುವ ಪರೀಕ್ಷೆ. ಬೆನ್ನಿನಿಂದ ಒಂದು, ಹೊಟ್ಟೆಯ ಬದಿಯಿಂದ ಒಂದು, ಎರಡು ಸೆಂಟಿಮೀಟರ್ ಅಗಲದ ಪಟ್ಟಿ ಕತ್ತರಿಸಿ, ಅಂಚಿನಿಂದ ಅರ್ಧ ಸೆಂಟಿಮೀಟರ್ ಒಳಗೆ ಸೂಜಿಯಿಂದ ಚುಚ್ಚಿ, ಗಟ್ಟಿ ದಾರ ಪೋಣಿಸಿ ಗಂಟು ಹಾಕಿ, ದಾರಕ್ಕೆ ಖಾಲಿ ಪ್ಲಾಸ್ಟಿಕ್ ಬಾಟಲಿ ತೂಗುಹಾಕಬೇಕು. ಬಾಟಲಿಗೆ ನೀರನ್ನು ಅಳೆದು ಸುರಿಯುತ್ತ ಹೋದರೆ ಲೀಟರಿಗೆ ಒಂದು ಕಿಲೋದಂತೆ ಭಾರ ತಾನಾಗಿಯೇ ಗೊತ್ತಾಗುತ್ತದೆ. ಬೆನ್ನಿನ ಪಟ್ಟಿಗೂ ಹೊಟ್ಟೆಯ ಪಟ್ಟಿಗೂ ಇರುವ ಅಂತರವನ್ನು ಒಮ್ಮೆ ಕಣ್ಣಾರೆ ಕಂಡವರು ಮುಂದೆ ಎಂದೂ ಹೊಟ್ಟೆಯ ತೊಗಲನ್ನು ಎಳೆತ ಬೀಳುವ ಕಡೆ ಇಡುವುದಿಲ್ಲ. ನಾನು ಇಟ್ಟುಕೊಂಡಿರುವ ನಿಯಮವೆಂದರೆ, ಒಂದು ಲೀಟರ್ ನೀರಿನ ಭಾರಕ್ಕೇ ರಂಧ್ರ ಹರಿದರೆ ಆ ತೊಗಲು ಗೊಂಬೆಗೂ ದಿಂಬಿನ ನಡುಭಾಗಕ್ಕೂ ಮಾತ್ರ.

ನೀರಿನ ಪರೀಕ್ಷೆಯನ್ನು ಚೂರಿನ ಮೇಲೆ ಮಾಡಬೇಕು. ಒಂದು ತುಂಡನ್ನು ಇಡೀ ದಿನ ನೀರಿನಲ್ಲಿಟ್ಟು, ನಾದದೆ ಒಣಗಿಸಿ ನೋಡಿದರೆ, ತೊಗಟೆಯ ಹದದ್ದು ಸ್ವಲ್ಪ ಬಿರುಸಾದರೂ ಬಗ್ಗುತ್ತದೆ, ಪಟಿಕದ್ದು ಹಸಿ ತೊಗಲಿನಂತೆ ಸೆಟೆದುಕೊಳ್ಳುತ್ತದೆ. ಮಾರಾಟ ಮಾಡುವವರು ಕೊಳ್ಳುವವರಿಗೆ ಈ ವ್ಯತ್ಯಾಸವನ್ನು ತಿಳಿಸಲೇಬೇಕು.

ದುರ್ಬಲ ತೊಗಲಿಗೆ ಆಸರೆ ಕೊಡುವುದು

ಭಾರವನ್ನು ತೊಗಲು ಹೊರಬಾರದು, ಬಟ್ಟೆ ಹೊರಬೇಕು ಎಂಬ ಲೆಕ್ಕದಲ್ಲಿ ವಸ್ತುವನ್ನು ರೂಪಿಸಿದರೆ ಮೊಲದ ತೊಗಲಿನ ಕೊರತೆ ಬಹುಪಾಲು ನೀಗುತ್ತದೆ. ತೊಗಲಿನ ಮಾಂಸದ ಬದಿಗೆ ಒಮ್ಮೆ ತೊಳೆದು ಕುಗ್ಗಿಸಿದ ಹತ್ತಿ ಬಟ್ಟೆಯನ್ನು, ಧಾರವಾಡ ಹತ್ತಿರದ ಗರಗದ ಖಾದಿಯಾದರೆ ಇನ್ನೂ ಉತ್ತಮ, ದೊಡ್ಡ ಹೊಲಿಗೆಗಳಿಂದ ಕೂಡಿಸಿ, ಎಲ್ಲ ಕೂಡುಹೊಲಿಗೆಗಳೂ ಬಟ್ಟೆಯ ಮೂಲಕ ಹಾಯುವಂತೆ ನೋಡಿಕೊಳ್ಳಬೇಕು. ಕತ್ತರಿಸುವಾಗ ಕತ್ತರಿ ಬೇಡ. ಮಾಂಸದ ಬದಿಯಿಂದ ಬ್ಲೇಡಿನ ತುದಿಯಿಂದ ತೊಗಲನ್ನಷ್ಟೇ ಸೀಳಿದರೆ ತುಪ್ಪಳ ಉಳಿದು ಕೂಡಿಕೆಯನ್ನು ಮುಚ್ಚುತ್ತದೆ. ಸೂಜಿ ಸಣ್ಣದಿರಲಿ, ಹೊಲಿಗೆಗಳ ನಡುವೆ ಮೂರು ನಾಲ್ಕು ಮಿಲಿಮೀಟರ್ ಅಂತರವಿರಲಿ. ಹೊಲಿಗೆ ಒತ್ತಾದಷ್ಟೂ ಗಟ್ಟಿ ಎಂದು ಬಟ್ಟೆಯ ವಿಷಯದಲ್ಲಿ ಕಲಿತದ್ದು ಇಲ್ಲಿ ನಡೆಯುವುದಿಲ್ಲ, ಒತ್ತಾದ ರಂಧ್ರಗಳ ಸಾಲಿನಗುಂಟ ತೊಗಲು ಹರಿಯುತ್ತದೆ.

ಸಿದ್ಧವಾದ ವಸ್ತುವನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದಿಡದೆ, ಒಣಗಿದ ಬೇವಿನ ಎಲೆ ಅಥವಾ ಡಾಂಬರು ಗುಳಿಗೆಯೊಂದಿಗೆ ಹತ್ತಿಯ ಚೀಲದಲ್ಲಿ ಇಡಬೇಕು. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಹೊರತೆಗೆದು ನೆರಳಿನ ಗಾಳಿಗೆ ಹರವಿ, ತುಪ್ಪಳವನ್ನು ಬಿಡಿಸಿ ಬುಡದಲ್ಲಿ ಹುಳುವಿನ ಹಿಕ್ಕೆ ಇದೆಯೇ ಎಂದು ನೋಡಬೇಕು. ಬೂಸು ಕಂಡರೆ ಒಣಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿದ ಮೇಲೆ ಮಾಂಸದ ಬದಿಗೆ ಮತ್ತೊಮ್ಮೆ ತೆಳುವಾಗಿ ಎಣ್ಣೆ ಸವರಿ ನಾದಿ ಇಡಬೇಕು.